ನಡುಕದ ತವರು

ಭೂಮಿ ನಡುಗಿದ ಹೊತ್ತಿಗೆ ನಾನು ಬಸ್ ಕಂಡಕ್ಟರ್ ಆಗಿದ್ದೆ. ನಿಜವಾದ ಕಂಡಕ್ಟರ್ ಅಲ್ಲ. ಟೀ ಅಂಗಡಿಯ ಮುಂದೆ, ಯಾರದೋ ಕೈಚೀಲವನ್ನು ಹೆಗಲಿಗೆ ತಗುಲಿಸಿಕೊಂಡು, ಸತ್ಯಮಂಗಲದ ಬಸ್ಸಿನ ಕಂಡಕ್ಟರು ಘಾಟಿಯ ತಿರುವಿನಲ್ಲಿ ಹೊಟ್ಟೆಯನ್ನು ಕಂಬಿಗೆ ಆನಿಸಿ, ಎರಡು ಕೈಯಲ್ಲೂ ಟಿಕೆಟ್ ಹರಿಯುತ್ತ ಹೇಗೆ ತೂಗಾಡುತ್ತಾರೆ ಅಂತ ಮಾಡಿ ತೋರಿಸುತ್ತಿದ್ದೆ. ಎಡಕ್ಕೆ ವಾಲಿದೆ. ಹಲಗೆಯ ಮೇಲಿದ್ದ ಗಾಜಿನ ಲೋಟಗಳು ಕಣಕಣ ಅಂದವು.

"ಸಾಕು ನಿಲ್ಸ್ಲಾ, ಗಲಾಸು ಒಡ್ದಾಕ್ಬುಟ್ಟೀಯ!" ಎಂದು ಅಂಗಡಿಯವನು ಬೈದ.

ಅವನು ಬೈದು ಬಾಯಿ ಮುಚ್ಚಿದ ಮೇಲೆ ಬೆಂಚು, ಅಂಗಡಿಯ ತಡಿಕೆ, ಎದುರಿನ ಹುಣಸೆಮರ ಎಲ್ಲವೂ ಬಲಕ್ಕೆ ವಾಲಿದವು. ಬೀದಿಯ ಕೆಳಗಿನಿಂದ ಘೂಂ ಎಂದು ಗುಡುಗಿತು. ಒಂದು ಗಳಿಗೆ ನಾನೇ ಮಾಡಿದೆ ಅಂದುಕೊಂಡೆ. ಅಣಕ ಮಾಡುವವನಿಗೆ ಅಂಥ ಯಶಸ್ಸು ಇನ್ನೊಮ್ಮೆ ಸಿಗುವುದಿಲ್ಲ. ಆಮೇಲೆ ಎಲ್ಲರೂ ಬೀದಿಗೆ ಓಡಿದರು, ಕಂಡಕ್ಟರೂ ಟಿಕೆಟ್ ಬಿಸಾಕಿ ಓಡಿದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಊರಲ್ಲಿ ಬಿದ್ದದ್ದು ನಾಲ್ಕಾರು ಹೆಂಚು, ಒಂದಷ್ಟು ಗಡಿಗೆ. ನಾಯಿಗಳು ಮಾತ್ರ ನೀನೇ ಮಾಡಿದ್ದು ಅಂತ ಒಂದಕ್ಕೊಂದು ಬಹಳ ಹೊತ್ತು ಬೊಗಳಿಕೊಂಡವು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಮೀಸೆಯೂ ಆಗಷ್ಟೇ ಶುರುವಾಗಿ, ಬರಲೋ ಬೇಡವೋ ಅಂತ ಯೋಚಿಸುತ್ತಿತ್ತು. ಈಗಲೂ ಅದು ಪೂರ್ತಿ ನಿರ್ಧಾರಕ್ಕೆ ಬಂದಿಲ್ಲ. ತಾಳವಾಡಿಯ ಆಚೆ ನಮ್ಮ ಊರು. ಕೆಲಸ ಅಂತ ಹೇಳಿಕೊಳ್ಳುವುದಕ್ಕೆ ನನಗೆ ಸೋದರಮಾವನ ಹೊಲ ಇತ್ತು, ಮಾಡುವುದಕ್ಕೆ ಊರವರ ಅಣಕ ಇತ್ತು. ಮಾವ ನಡೆಯುವ ರೀತಿ, ಅತ್ತೆ ಕೋಳಿ ಓಡಿಸುವ ರೀತಿ, ಊರ ಯಜಮಾನರು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಂಡು ಆಕಾಶ ನೋಡುವ ರೀತಿ, ಎಲ್ಲವೂ ನನ್ನ ಬಳಿ ಇದ್ದವು. ಯಜಮಾನರ ಅಣಕವೇ ಎಲ್ಲಕ್ಕಿಂತ ಚೆನ್ನಾಗಿತ್ತು. ಊರೆಲ್ಲ ನೋಡಿತ್ತು, ಅವರೊಬ್ಬರನ್ನು ಬಿಟ್ಟು.

ಆ ದಿನ ಬೆಳಿಗ್ಗೆ ಮಾವನ ಬಾವಿಯಲ್ಲಿ ಬಂಡೆಗೆ ಮದ್ದು ಇಟ್ಟು ಸಿಡಿಸಿದ್ದರು. ತೊಂದರೆ ಹುಟ್ಟಿದ್ದು ಅಲ್ಲಿ.

ಆ ಬಾವಿ ಅತ್ತೆಯದು ಅನ್ನಬೇಕು. ಮದುವೆಗೆ ಮುಂಚೆ ವೀಳ್ಯ ಬದಲಾಯಿಸಿಕೊಂಡ ದಿನ, "ನಮ್ಮ ಹುಡುಗಿ ನೀರಿಗೆ ಎಲ್ಲಿಗೆ ಹೋಗಬೇಕು?" ಅಂತ ಹೆಣ್ಣಿನ ಕಡೆಯವರು ಕೇಳಿದರಂತೆ. ಮಾವ ಎದೆ ಉಬ್ಬಿಸಿ, "ಒಲದಲ್ಲೇ ಬಾವಿ ತೋಡುಸ್ತೀನಿ" ಅಂದುಬಿಟ್ಟಿದ್ದರು. ಅಂದಿನಿಂದ ಅತ್ತೆ ಹಳ್ಳದಿಂದ ನೀರು ಹೊತ್ತಳು. ಹೊತ್ತು ತಂದ ಪ್ರತಿ ಕೊಡವನ್ನು ಇಳಿಸುವಾಗಲೂ ಮಾವನ ಕಡೆ ಒಂದು ಸಲ ನೋಡುತ್ತಿದ್ದಳು, ಅಷ್ಟೇ. ಬೈದಿದ್ದರೆ ಮಾವನಿಗೆ ಸುಲಭವಾಗುತ್ತಿತ್ತು. ಕೊನೆಗೆ ಆ ವರ್ಷ ಬಾವಿ ಶುರುವಾಗಿ, ಮಣ್ಣು ಮುಗಿದು ಬಂಡೆ ಸಿಕ್ಕಿ, ಬಂಡೆಯ ಸಂದಿಯಲ್ಲಿ ತೇವವೂ ಕಾಣಿಸಿಕೊಂಡಿತ್ತು. ಆ ತೇವವನ್ನು ಅತ್ತೆ ಬೆರಳಲ್ಲಿ ಮುಟ್ಟಿ ಹಣೆಗೆ ಒತ್ತಿಕೊಂಡದ್ದನ್ನು ನಾನು ನೋಡಿದ್ದೆ. ಅದನ್ನು ಮಾತ್ರ ಎಲ್ಲೂ ಅಣಕಿಸಲಿಲ್ಲ.

ಸಂಜೆ ಶಿವನ ಗುಡಿಯ ಜಗಲಿಯಲ್ಲಿ ಊರು ಸೇರಿತು. ಯಜಮಾನರು ಗಂಟಲು ಸರಿಮಾಡಿಕೊಂಡರು, ಆಕಾಶ ನೋಡಿದರು.

"ಬೆಳಗ್ಗೆ ಬಾವೀಲಿ ಮದ್ದು ಸಿಡಿಸ್ದ. ಮದ್ಯಾನ ಭೂಮಿ ನಡುಗ್ತು. ಇನ್ನೇನ್ ಸಾಕ್ಸಿ ಬೇಕ್ರಪ್ಪಾ? ಮನಗಿದ್ದ ತಾಯಿನ ಪಕ್ಕೆಗೆ ಒದ್ದು ಎಬ್ಬಿಸ್ಬುಟ್ಟ. ನಡುಕ ಉಟ್ಟಿರಾದೇ ಆ ಬಾವೀಲಿ. ಮುಚ್ಬುಡಿ."

"ಯಜಮಾನ್ರೇ, ತೇವ ಕಾಣಸ್ಕಂಡದೆ. ಇನ್ ವಸಿ ಇಳುದ್ರೆ ನೀರು," ಎಂದರು ಮಾವ.

"ನೀರ್ ಬರಾದ್ರೊಳಗೆ ಊರೇ ಒಳೀಕೋದ್ರೆ ಕುಡ್ಯೋರ್ ಯಾರ್ಲಾ? ಆಳ್ಗಳಿಗೆ ಏಳಿದೀನಿ. ಗುದ್ಲಿ ಮಂಕ್ರಿ ತತ್ತಾರೆ."

ಯಜಮಾನರು ಕೆಟ್ಟವರಲ್ಲ. ಊರಿಗೆ ಏನಾದರೂ ಆದರೆ ಅದು ತಮ್ಮ ತಲೆಯ ಮೇಲೆ ಅಂದುಕೊಂಡು ಬದುಕಿದವರು. ಅವರ ಮಾತು ಮುಗಿದ ಮೇಲೆ ಎದ್ದು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅತ್ತೆ ಎದ್ದಳು.

"ಮುಚ್ಚೋಕ್ ಮುಂಚೆ ಒಂದ್ ಮಾತು. ನಡುಕ ನಮ್ ಬಾವೀಲಿ ಉಟ್ಟಿದ್ದ ಕಂಡೋರ್ಯಾರು?"

"ಬೀದಿ ಗುಡುಗ್ಲಿಲ್ವಾ ತಾಯಿ? ನಮ್ ಕಾಲ್ ಕೆಳ್ಗೇ ಗುಡುಗ್ತಲ್ಲ!"

"ಅತ್ತೆ ಮನೇಲಿ ಗಲಾಟೆ ಮಾಡ್ದ ಸೊಸೆ ಅಲ್ಲೇ ಉಟ್ಟಿದ್ದು ಅನ್ನಕ್ಕಾದದಾ? ಅವಳ್ಗೂ ಒಂದು ತವರು ಅಂತ ಇರ್ತದೆ. ಈ ನಡುಕದ ತವರು ಯಾವೂರು ಅಂತ ಮೊದ್ಲು ತಿಳ್ಕಳಿ. ಅಲ್ಲೀಗಂಟ ನನ್ ಬಾವಿಗೆ ಒಂದ್ ಮಂಕ್ರಿ ಮಣ್ಣು ಬೀಳ್ಬಾರ್ದು."

ಹೆಂಗಸರ ಕಡೆಯಿಂದ ಯಾರೋ ಕಿಸಕ್ಕೆಂದರು. ಯಜಮಾನರು ಮತ್ತೊಮ್ಮೆ ಆಕಾಶ ನೋಡಿ, "ಬರೋ ಸೋಮ್ವಾರದಗಂಟ ಟೈಮು," ಎಂದರು. ಅತ್ತೆ ನನ್ನ ಕಡೆ ತಿರುಗಿದಳು. "ಅಳಿಯಾ, ನಡಿ. ಮೇಷ್ಟ್ರ ತಾವ್ಕೆ."

ಶಾಲೆಯ ಮೇಷ್ಟ್ರು ಕೆಳಗಿನ ಬಯಲುಸೀಮೆಯ ತಮಿಳರು. ಅವರಿಗೆ ಕನ್ನಡ ಕಲಿಸಿದವನು ನಾನೇ, ಅದರಲ್ಲಿ ಅರ್ಧ ಬೈಗುಳ. ಹಾಗಾಗಿ ಅವರು ಬಹಳ ಗೌರವದಿಂದ ಮಾತಾಡಲು ಹೊರಟಾಗ ಕೇಳಿದವರು ಕಿವಿ ಮುಚ್ಚಿಕೊಳ್ಳಬೇಕಾಗುತ್ತಿತ್ತು. ಅತ್ತೆಯ ಪ್ರಶ್ನೆ ಕೇಳಿದ್ದೇ ಅವರ ಮುಖ ಅರಳಿತು. ಇಷ್ಟು ವರ್ಷದ ನೌಕರಿಯಲ್ಲಿ ಅವರನ್ನು ಹುಡುಕಿಕೊಂಡು ಪಾಠಕ್ಕೆ ಬಂದವರು ನಾವೇ ಮೊದಲು. ಒಂದು ಗೋಣಿತಾಟನ್ನು ನನಗೂ ಅತ್ತೆಗೂ ಎರಡು ಕಡೆ ಬಿಗಿಯಾಗಿ ಹಿಡಿಯಲು ಹೇಳಿ, ಅದರ ಮೇಲೆ ಅವರೆಕಾಳು ಹರಡಿದರು. ಪಂಚೆ ಎತ್ತಿಕಟ್ಟಿ ಅದರ ಕೆಳಗೆ ನುಸುಳಿದರು.

"ಕಾಳು ನೋಡಿ!" ಎಂದು ಕೆಳಗಿನಿಂದ ಕೂಗಿ ಮುಷ್ಟಿಯಿಂದ ಗುದ್ದಿದರು. ಗುದ್ದಿನ ನೇರಕ್ಕೆ ಇದ್ದ ಕಾಳು ನನ್ನ ಮೂಗಿನವರೆಗೆ ಹಾರಿದವು. ಅಂಚಿನವು ಸುಮ್ಮನೆ ಮಗ್ಗುಲು ಬದಲಿಸಿದವು.

"ನನ್ನ ಮುಷ್ಟಿ ಇದೆಯಲ್ಲಾ, ಅದು ಭೂಮಿಯ ಒಳಗೆ ಬಂಡೆ ಜಾರಿದ ಜಾಗ. ಆಳದಲ್ಲಿದೆ, ಕಾಣೋದಿಲ್ಲ. ಅದರ ನೇರ ಮೇಲೆ, ನೆಲದ ಮೇಲಿರೋ ಬಿಂದು ಅಧಿಕೇಂದ್ರ. ನಮ್ಮ ಭಾಷೇಲಿ ನಿಲನಡುಕ್ಕ ಮೈಯಂ. ಸಾಮಾನ್ಯವಾಗಿ ಅದರ ಆಸುಪಾಸಲ್ಲೇ ಪೆಟ್ಟು ಜಾಸ್ತಿ. ದೂರ ಹೋದಷ್ಟೂ ಕಮ್ಮಿ."

ಅತ್ತೆ ಗೋಣಿಯನ್ನೇ ನೋಡುತ್ತ ಅಂದಳು: "ಒಟ್ಟೆನೋವು ಒಳಗಡೆ ಇರ್ತದೆ. ಇಲ್ಲಿ ಕಣವ್ವಾ ನೋಯ್ತದೆ ಅಂತ ಮೇಲ್ಗಡೆ ಬೆರಳಿಟ್ಟು ತೋರುಸ್ತೀವಲ್ಲ, ಆ ಜಾಗ."

"ಅದೇ! ಅದೇ!" ಎಂದು ಮೇಷ್ಟ್ರು ಏಳಲು ಹೋಗಿ ತಲೆಯಿಂದ ಗೋಣಿಯನ್ನು ಗುದ್ದಿದರು. ಉಳಿದ ಕಾಳೂ ಚೆಲ್ಲಿದವು.

"ಸಾರ್, ಎಲ್ಲಿ ಹುಟ್ಟಿದರೇನು? ನಡುಗಿದ್ದು ಆಗಿಹೋಯಿತಲ್ಲ," ಎಂದೆ ನಾನು.

"ಹಾಗಲ್ಲ ತಂಬಿ. ಹೆಚ್ಚು ಪೆಟ್ಟು ಎಲ್ಲಿ ಬಿದ್ದಿದೆ ಅಂತ ಗೊತ್ತಾದರೆ ತಾನೇ ಅಲ್ಲಿಗೆ ಮೊದಲು ಓಡೋದು? ದೊಡ್ಡ ನಡುಕದ ಹಿಂದೆ ಸಣ್ಣ ನಡುಕಗಳೂ ಅದೇ ಸುತ್ತಮುತ್ತ ಬರಬಹುದು. ಅಲ್ಲಿಯವರಿಗೆ ಎಚ್ಚರಿಕೆ ಹೇಳಬೇಕು. ನಿಮ್ಮ ಯಜಮಾನರ ಥರ ತಪ್ಪು ಜಾಗಕ್ಕೆ ಗುದ್ದಲಿ ಕಳಿಸಿದರೆ ಸರಿಯಾದ ಜಾಗದಲ್ಲಿ ಯಾರೋ ಕಾಯ್ತಾ ಇರ್ತಾರೆ."

ಕಂಡುಹಿಡಿಯುವ ಬಗೆಯನ್ನೂ ಹೇಳಿದರು. ನಡುಕ ಹುಟ್ಟಿದ ಕಡೆಯಿಂದ ಇಬ್ಬರು ಒಟ್ಟಿಗೆ ಹೊರಡುತ್ತಾರೆ. ಒಬ್ಬ ಬಿರುಸುಗಾಲಿನವನು, ಬಂದು ಲೋಟ ಕಣಕಣ ಅನ್ನಿಸುತ್ತಾನೆ. ಇನ್ನೊಬ್ಬ ನಿಧಾನಸ್ಥ, ಆದರೆ ದಪ್ಪ ಆಸಾಮಿ, ತೂಗಾಡಿಸುವವನು ಅವನು. ದೂರ ನಡೆದಷ್ಟೂ ದಪ್ಪನವನು ಹಿಂದೆ ಬೀಳುತ್ತಾನೆ. ಕಣಕಣಕ್ಕೂ ತೂಗಾಟಕ್ಕೂ ನಡುವೆ ಎಷ್ಟು ಹೊತ್ತು ಇತ್ತು ಅನ್ನುವುದರಲ್ಲೇ ದೂರ ಇದೆ. ಮೂರು ಊರಲ್ಲಿ ಯಂತ್ರ ಇದ್ದರೆ ಮೂರು ದೂರ ಸಿಗುತ್ತದೆ, ಮೂರು ವೃತ್ತ ಎಳೆಯಬಹುದು, ಮೂರೂ ಕೂಡುವ ಕಡೆ ಅಧಿಕೇಂದ್ರ.

"ಯಂತ್ರ ಎಲ್ಲಿಂದ ತರೋಣ ಸಾರ್?"

ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನಿದ್ದೀಯಲ್ಲ. ಎಷ್ಟು ಜೋರಾಗಿತ್ತು ಅಂತ ಕೇಳಬೇಡ, ಸುಳ್ಳು ಹೇಳ್ತಾರೆ. ಏನು ಮಾಡ್ತಿದ್ರಿ, ಹಾಗೇ ಮಾಡಿ ತೋರಿಸಿ ಅನ್ನು."

ನನ್ನ ಅಣಕಕ್ಕೆ ಒಂದು ಉಪಯೋಗ ಇದೆ ಅಂತ ಯಾರಾದರೂ ಹೇಳಿದ್ದು ಅದೇ ಮೊದಲು.

ದೊಡ್ಡಗಾಜನೂರಿಗೆ ಮೊದಲು ಹೋದೆ. ಅಲ್ಲಿ ನಡುಕದ ಹೊತ್ತಿಗೆ ಒಬ್ಬ ಗೌಡರು ಜಗಲಿಯಲ್ಲಿ ಕೂತು ಕ್ಷೌರ ಮಾಡಿಸಿಕೊಳ್ಳುತ್ತಿದ್ದರಂತೆ. ಅವರ ಮುಖದಲ್ಲಿ ಎಡಗಡೆಯ ಮೀಸೆ ಇತ್ತು, ಬಲಗಡೆಯದು ಅರ್ಧ ಇತ್ತು. "ನಡುಕ ನಮ್ಮೂರ್ದೇ ಕಣ್ಲಾ. ಮೀಸೆನೇ ತಕ್ಕಂಡೋಯ್ತು, ನೋಡು! ಬೇರೆ ಊರಲ್ಲಿ ಯಾರ್ದಾದ್ರೂ ಓಗದಾ?" ಎಂದು ಹೆಮ್ಮೆಯಿಂದ ಕೇಳಿದರು. ನನ್ನ ಮೀಸೆಯನ್ನು ನೋಡಿ, "ನಿಂಗೂ ಓಯ್ತೇನೋ ಪಾಪ," ಎಂದರು. ಕ್ಷೌರಿಕನನ್ನೂ ಕರೆಸಿ ಇಬ್ಬರನ್ನೂ ಕೂರಿಸಿ ಮಾಡಿಸಿದೆ. ಬಟ್ಟಲಿನ ನೀರು ನಡುಗಿತು. ಗೌಡರು, "ಏನ್ಲಾ, ಕೈ ನಡುಗ್ತಾದೆ ನಿಂದು?" ಅಂದರು. ಅವನು, "ನನ್ ಕೈ ಅಲ್ಲ ಬುದ್ದಿ, ನಿಮ್ ಕೆನ್ನೆ," ಅಂದ. ಆಮೇಲೆ ತೂಗಾಟ, ಆಮೇಲೆ ಮೀಸೆ. ಕಣಕಣಕ್ಕೂ ತೂಗಾಟಕ್ಕೂ ನಡುವೆ ಒಂದು ಪ್ರಶ್ನೆ, ಒಂದು ಉತ್ತರ ಎರಡೂ ಹಿಡಿಸಿದ್ದವು. ನಮ್ಮೂರಿನಲ್ಲಿ ಟೀ ಅಂಗಡಿಯವನ ಒಂದು ಬೈಗುಳ ಮಾತ್ರ ಹಿಡಿಸಿತ್ತು.

ಹಾಸನೂರಿನಲ್ಲಿ ಮೈಸೂರು ರಸ್ತೆಯ ಪಕ್ಕ ಬೋಂಡ ಕರಿಯುವ ಅಕ್ಕನಿಗೂ ನಡುಕ ತನ್ನ ಊರಿನದೇ ಅಂತ ಖಾತ್ರಿ ಇತ್ತು. ಎಣ್ಣೆ ಕುಣಿದದ್ದನ್ನು ಕೈಯಲ್ಲಿ ಕುಣಿಸಿ ತೋರಿಸಿದಳು. "ಡಬ್ಬ ಎಲ್ಲ ಗಲಗಲ ಅಂತಾ? ಘಾಟಿ ಅತ್ತಿ ಲಾರಿ ಬತ್ತದೆ ಅನ್ಕಂಡು, 'ಲಾರಿ ಬಂ...' ಅಂದೆ, ಅಷ್ಟ್ರೊಳ್ಗೆ ಇಂಗೆ ವಾಲ್ಬುಡ್ತು ಕನಪ್ಪ." ನಾನು ಮತ್ತೆ ಮತ್ತೆ ಮಾಡಿಸಿದೆ. ಪ್ರತಿ ಸಲವೂ "ಬಂ" ಎನ್ನುವಲ್ಲೇ ವಾಲಿದಳು. ಕೊನೆಗೆ ರೇಗಿ, "ಬೋಂಡ ತಿನ್ನಕ್ ಬಂದ್ಯೋ, ನನ್ನ ಕುಣಿಸಕ್ ಬಂದ್ಯೋ?" ಅಂದಳು. ತಿಂದೆ. ವಿಜ್ಞಾನಕ್ಕಾಗಿ ಎರಡು ಸಲ ತಿಂದೆ.

ತಾಳಮಲೆಗೆ ಹೋಗುವ ದಾರಿಯಲ್ಲಿ ಬಸ್ಸಿನಲ್ಲಿ ನಾನು ಯಾರನ್ನೂ ಅಣಕಿಸಲಿಲ್ಲ, ಆನೆ ದಾರಿಗೆ ಅಡ್ಡ ನಿಂತಿತ್ತು. ಊರಿನ ಕೊನೆಯಲ್ಲಿ, ಕಾಡಿನ ಅಂಚಿಗೆ, ಒಬ್ಬಳು ಅಜ್ಜಿ ಬಯಲಲ್ಲೇ ಮೂರು ಕಲ್ಲಿಟ್ಟು ಅಡುಗೆ ಮಾಡುತ್ತಿದ್ದಳು. ಅವಳ ಮನೆಯ ಹಿಂದಿನ ಗೋಡೆ ನೆಲಕ್ಕೆ ಕೂತಿತ್ತು, ಸೂರು ಒಂದು ಮಗ್ಗುಲಿಗೆ ವಾಲಿತ್ತು. ಅಕ್ಕಪಕ್ಕದ ಮನೆಗಳಲ್ಲೂ ಬಿರುಕು ಕೈ ತೂರುವಷ್ಟಿತ್ತು.

"ಅಜ್ಜಿ, ನಡುಗ್ದಾಗ ಏನ್ ಮಾಡ್ತಿದ್ದೆ? ಅಂಗೇ ಮಾಡಿ ತೋರ್ಸು."

ಅಜ್ಜಿ ಎದ್ದು ನಿಂತಳು. ಏನೂ ಮಾತಿಲ್ಲದೆ ಧೊಪ್ಪೆಂದು ಕೂತಳು.

"ನಡುವೆ?"

"ನಡುವೆ ಏನಿಲ್ಲ ಮಗ. ನಿಂತಿದ್ದೆ. ಕೂತಿದ್ದೆ. ಗೋಡೆನೂ ನನ್ ಜೊತೆಗೇ ಕೂತ್ಕತು."

"ಯಾರೂ ಬರ್ಲಿಲ್ವಾ?"

"ಯಾರ್ ಬಂದಾರು? ನಡುಕ ಎಲ್ಲಾರ್ ಮನೇಗೂ ಬಂದಿತ್ತಂತಲ್ಲ. ಅವರವ್ರು ಅವರವ್ರ ಗಡಿಗೆ ನೋಡ್ಕಂಡು ಕೂತವ್ರೆ."

ನಾನು ದೂರ ನೋಡಿದೆ. ಆಮೇಲೆ ಅವಳಿಗೆ ಅರೆಮೀಸೆಯ ಗೌಡರನ್ನು ಮಾಡಿ ತೋರಿಸಿದೆ. ಅಜ್ಜಿ ಬಿದ್ದ ಗೋಡೆಗೆ ಒರಗಲು ಹೋಗಿ, ಗೋಡೆ ಇಲ್ಲದ್ದು ನೆನಪಾಗಿ ಮತ್ತಷ್ಟು ನಕ್ಕಳು. ಸೆರಗಲ್ಲಿ ಕಣ್ಣು ಒರೆಸಿಕೊಂಡು ಒಂದು ಮುದ್ದೆ ಹಾಕಿದಳು.

ಸೋಮವಾರ ಗುಡಿಯ ಮುಂದಿನ ಬಯಲಲ್ಲಿ ಊರು ಮತ್ತೆ ಸೇರಿತು. ಗುದ್ದಲಿ, ಮಂಕರಿ ಹಿಡಿದ ಆಳುಗಳು ಒಂದು ಕಡೆ ಕಾಯುತ್ತಿದ್ದರು. ಮಾವ ಹೆಗಲ ಮೇಲಿನ ಟವೆಲನ್ನು ಹಿಂಡುತ್ತಿದ್ದರು, ಅದು ಒಣಗಿದ್ದ ಟವೆಲು. ಅತ್ತೆ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. ನಾನು ಒಂದೊಂದೇ ಊರು ಮಾಡಿ ತೋರಿಸಿದೆ. ಗೌಡರ ಪ್ರಶ್ನೆ, ಕ್ಷೌರಿಕನ ಉತ್ತರ, ಆಮೇಲೆ ತೂಗಾಟ. ನಮ್ಮ ಟೀ ಅಂಗಡಿಯವನ ಬೈಗುಳ, ಆಮೇಲೆ ತೂಗಾಟ. ಬೋಂಡದ ಅಕ್ಕನ "ಲಾರಿ ಬಂ", ತೂಗಾಟ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೇಷ್ಟ್ರು ಪ್ರತಿಯೊಂದಕ್ಕೂ ಎದ್ದು, ನಡುವಿನ ಹೊತ್ತು ಕಮ್ಮಿಯಾದಷ್ಟೂ ನಡುಕ ಹುಟ್ಟಿದ ಜಾಗ ಹತ್ತಿರ, ಬಾವಿಯಲ್ಲೇ ಹುಟ್ಟಿದ್ದರೆ ಟೀ ಅಂಗಡಿಯವನಿಗೆ ಬೈಯಲು ಪುರುಸೊತ್ತೇ ಇರುತ್ತಿರಲಿಲ್ಲ ಅಂತ ಬಿಡಿಸಿ ಹೇಳಿದರು.

ಯಜಮಾನರು ನಗಲಿಲ್ಲ. "ಎಲ್ಲಾ ಸರಿ. ಬೀದಿ ಗುಡುಗ್ದ್ ಸದ್ದು? ಅದು ದೂರದ್ದಲ್ಲ ಮೇಷ್ಟ್ರೇ. ನನ್ ಅಂಗಾಲಿಗೇ ಬಡೀತು. ಅದ್ಕೇನಂತೀರಿ?"

ಅದು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಆಳುಗಳು ಗುದ್ದಲಿ ಹೆಗಲಿಗೆ ಏರಿಸಿದರು. ಮಾವ ನನ್ನನ್ನು ನೋಡಿದರು. ನನಗೆ ತೋಚಿದ್ದು ಒಂದೇ, ಅಣಕ ಇನ್ನೂ ಮುಗಿದಿಲ್ಲವಲ್ಲ ಅಂತ. "ಗೋಡೆ ಬಿದ್ದ ತಾಳಮಲೆ ಅಜ್ಜಿ ಬಾಕಿ ಅವ್ಳೆ!" ಎಂದು ಕೂಗಿ, ನಡು ಬಯಲಿಗೆ ಹಾರಿ, ನಿಂತೆ, ಧೊಪ್ಪೆಂದು ಕೂತೆ. ಅಜ್ಜಿ ಹಗುರ. ನಾನು ಅತ್ತೆಯ ಮುದ್ದೆ ತಿಂದು ಬೆಳೆದವನು.

ನೆಲ ಘೂಂ ಎಂದಿತು.

ಮರುಕ್ಷಣದಲ್ಲಿ ಬಯಲು ಖಾಲಿ. ಆಳುಗಳು ಗುದ್ದಲಿ ಬಿಟ್ಟು ಓಡಿದರು. ಮೇಷ್ಟ್ರು ಎಲ್ಲರೂ ಮನೆಯಿಂದ ದೂರ ಇರಿ ಅಂತ ತಮಿಳಲ್ಲಿ ಎಚ್ಚರಿಕೆ ಹೇಳುತ್ತಲೇ ಓಡಿದರು. ಎಲ್ಲರಿಗಿಂತ ಮುಂದೆ, ಚಪ್ಪಲಿ ಬಿಟ್ಟು, ಪಂಚೆ ಎರಡು ಕೈಯಲ್ಲೂ ಎತ್ತಿ ಹಿಡಿದು ಓಡುತ್ತಿದ್ದವರು ಯಜಮಾನರು. ಕೂತಲ್ಲೇ ಉಳಿದವನು ನಾನು. ನಿಂತಲ್ಲೇ ಉಳಿದವಳು ಅತ್ತೆ.

ಅತ್ತೆ ನನ್ನ ಹತ್ತಿರ ಬಂದು ಕಾಲಿನಿಂದ ನೆಲವನ್ನು ಒಂದು ಸಲ ತುಳಿದಳು. ಘೂಂ. ಎರಡು ಹೆಜ್ಜೆ ಆಚೆ ತುಳಿದಳು. ಸದ್ದಿಲ್ಲ. ಮತ್ತೆ ಈಚೆ ತುಳಿದಳು. ಘೂಂ.

"ಬನ್ನಿ, ಬನ್ನಿ! ಇದು ಭೂಮ್ತಾಯಲ್ಲ. ನಮ್ಮ ಅಗೇವು!"

ಹಗೇವು ಅಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಳಿ. ಬಾಯಿ ಕಿರಿದು, ಹೊಟ್ಟೆ ಅಗಲ. ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಎಳೆದರೆ ಕೆಳಗೆ ಒಂದಿದೆ ಅಂತಲೂ ಮರೆತುಹೋಗುತ್ತದೆ. ಗುಡಿಯ ಬಯಲಿನಿಂದ ಟೀ ಅಂಗಡಿಯವರೆಗೆ ನಮ್ಮ ಬೀದಿಯುದ್ದಕ್ಕೂ ಮನೆಮನೆಯ ಹಗೇವುಗಳಿದ್ದವು. ಹೊಸ ರಾಗಿ ಇನ್ನೂ ಹೊಲದಲ್ಲಿ ನಿಂತಿದ್ದ ಕಾಲ, ಎಲ್ಲವೂ ಖಾಲಿ. ದೂರದಿಂದ ಬಂದ ನಡುಕ ಅವುಗಳನ್ನು ನಗಾರಿಯ ಹಾಗೆ ಬಾರಿಸಿತ್ತು. ಊರಿಗೆ ಊರೇ ತನ್ನ ರಾಗಿಗುಳಿಯ ಸದ್ದಿಗೆ ಹೆದರಿ ಬಾವಿ ಮುಚ್ಚಲು ಹೊರಟಿತ್ತು.

ಯಜಮಾನರು ನಿಧಾನವಾಗಿ ಹಿಂದಿರುಗಿದರು. ಗಂಟಲು ಸರಿಮಾಡಿಕೊಂಡರು, ಆಕಾಶ ನೋಡಿದರು. "ದನ ಕಟ್ಟಾಕವ್ರಾ ಅಂತ ನೋಡ್ಕ ಬರಾಕೆ ಓಗಿದ್ದೆ," ಎಂದರು. ಅವರು ಚಪ್ಪಲಿ ಮೆಟ್ಟಿ, ತಾವೇ ಬಂದು ತುಳಿದರು. ಘೂಂ. ಇನ್ನೊಮ್ಮೆ ತುಳಿದರು. ಘೂಂ. ಅವರ ಭುಜ ಅಲುಗತೊಡಗಿತು. ಅವರು ನಗುತ್ತಿದ್ದಾರೆ ಅಂತ ಗೊತ್ತಾಗಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು, ಯಾಕೆಂದರೆ ಅವರ ನಗು ನನಗೆ ಅಣಕಿಸಲು ಯಾವತ್ತೂ ಸಿಕ್ಕಿರಲಿಲ್ಲ.

ನಕ್ಕು ಮುಗಿಸಿ ಕೇಳಿದರು: "ಆ ಅಜ್ಜಿ ಗೋಡೆ ಇನ್ನೂ ಅಂಗೇ ಬಿದ್ದದಾ?"

"ಅಂಗೇ ಅದೆ ಬುದ್ದಿ. ಬಯಲಲ್ಲೇ ಒಲೆ."

ಯಜಮಾನರು ಈ ಸಲ ಆಕಾಶ ನೋಡಲಿಲ್ಲ, ಆಳುಗಳನ್ನು ನೋಡಿದರು. "ಗುದ್ಲಿ ಮಂಕ್ರಿ ತಂದಿದೀರಲ್ಲ. ಅದ್ನೇ ತಕ್ಕಂಡು ನಾಳೆ ತಾಳಮಲೆಗೆ ನಡೀರಿ. ನನ್ ಗಾಡೀಲಿ ಬಿದಿರು ಏರ್ಕಳಿ. ಅವ್ರಿಗೆ ನಡುಕ ಇನ್ನೊಂದ್ ಸಲ ಬಂದ್ರೂ ಬರಬೌದು ಅಂತ ಏಳಿ, ಮೇಷ್ಟ್ರ್ ಏಳ್ದಂಗೆ."

"ಬಾವಿ?" ಎಂದಳು ಅತ್ತೆ.

"ಗೋಡೆ ಎದ್ದ ಮ್ಯಾಕೆ ಮದ್ದು ಇಡ್ಲಿ ತಾಯಿ. ಇಡೋ ದಿನ ನಾನೂ ಬತ್ತೀನಿ."

ಗೋಡೆ ಎದ್ದಿತು. ಮಣ್ಣು ಕಲಸಿದವರಲ್ಲಿ ನಾನೂ ಒಬ್ಬ. ಅಜ್ಜಿ ಕಲ್ಲಿನ ಮೇಲೆ ಕೂತು ನಮ್ಮನ್ನು ಬೈಯುತ್ತ ಕೆಲಸ ಮಾಡಿಸಿದಳು. ಆಮೇಲೆ ಒಂದು ಬೆಳಿಗ್ಗೆ ಮಾವನ ಹೊಲದಲ್ಲಿ "ವೆಡಿ, ವೆಡಿ!" ಎಂದು ಕೆಲಸಗಾರರು ತಮಿಳಲ್ಲಿ ಸಿಡಿಮದ್ದಿನ ಎಚ್ಚರಿಕೆ ಕೂಗಿ, ಬತ್ತಿಗೆ ಬೆಂಕಿ ಹಚ್ಚಿ ಓಡಿ ಬಂದರು. ಯಜಮಾನರು ದೂರದ ಬಂಡೆಯ ಹಿಂದೆ ಕಣ್ಣು ಮುಚ್ಚಿ ಕೂತಿದ್ದರು. ಬಂಡೆ ಸಿಡಿಯಿತು. ಅವರು ಒಂದು ಕೈಯನ್ನು ನೆಲದ ಮೇಲಿಟ್ಟು ಬಹಳ ಹೊತ್ತು ಕಾದರು. ನೆಲ ಸುಮ್ಮನಿತ್ತು.

ಹೊಗೆ ತಿಳಿಯಾದ ಮೇಲೆ ನಾವೆಲ್ಲ ಬಾವಿಯೊಳಗೆ ಬಗ್ಗಿ ನೋಡಿದೆವು. ಒಡೆದ ಬಂಡೆಯ ಮಧ್ಯದಿಂದ ಕೆಸರು ನೀರು ಬುಳುಬುಳು ಏರುತ್ತಿತ್ತು. ಮಾವ ವೀಳ್ಯದ ದಿನದ ಹಾಗೆಯೇ ಎದೆ ಉಬ್ಬಿಸಿ ಅತ್ತೆಯ ಕಡೆ ತಿರುಗಿದರು.

"ಕೊಟ್ಟ ಮಾತು ಉಳಿಸ್ಕಂಡೆ, ನೋಡ್ದಾ?"

"ಮಾತೇನೋ ಉಳೀತು," ಎಂದು ಅತ್ತೆ ಕೊಡದ ಕೊರಳಿಗೆ ಹಗ್ಗ ಬಿಗಿದು ಮಾವನ ಕೈಗೆ ಕೊಟ್ಟಳು. "ಈಗ ಸೇದೋರ್ಯಾರು?"

ಮಾವ ಸೇದಿದರು.